ಕಾಜಕ್ಕನ ಮುಂದೆ ತಲೆಯಾಡಿಸಬಾರದು

ಕೋಟಿನ ಕಾಜಾ ಎಂದರೆ ಗುಂಡಿ ತೂರುವ ಬರಿಯ ಸೀಳು ಎಂದುಕೊಂಡವರು ಕಾಜಕ್ಕನ ಕೈಕೆಲಸ ನೋಡಿಲ್ಲವೆಂದೇ ಅರ್ಥ. ಸಣ್ಣ ಉಳಿಯಿಂದ ಬಟ್ಟೆಯನ್ನು ಒಂದೇ ಏಟಿಗೆ ಸೀಳಿ, ಆ ಸೀಳಿನ ಅಂಚಿಗೆ ರೇಷ್ಮೆ ದಾರದ ಗಂಟುಗಳನ್ನು ಒಂದರ ಪಕ್ಕ ಒಂದು ಇರುವೆ ಸಾಲಿನಂತೆ ಕೂರಿಸುತ್ತ ಹೋಗುತ್ತಿದ್ದಳು. ಗಂಟು ಬಿಗಿಯಾದರೆ ಬಟ್ಟೆ ಮುದುಡುತ್ತದೆ. ಸಡಿಲವಾದರೆ ನಾಲ್ಕು ಒಗೆತಕ್ಕೆ ಅಂಚಿನ ಎಳೆ ಬಿಚ್ಚಿ ಜೂಲು ಬಿಡುತ್ತದೆ. ಮೂವತ್ತೊಂದು ವರ್ಷಗಳಲ್ಲಿ ಅವಳ ಕಾಜಾ ಜೂಲು ಬಿಟ್ಟಿತೆಂದು ಒಂದು ಕೋಟೂ ಆ ಹೊಲಿಗೆ ಕಾರ್ಖಾನೆಯ ಬಾಗಿಲಿಗೆ ಹಿಂದಿರುಗಿ ಬಂದಿರಲಿಲ್ಲ.

ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಬಾಯಲ್ಲಿ ಮಾತಾಡುವವರಿಗೆ ಅವಳು ಕಾಜಕ್ಕ. ಕೈಯಲ್ಲಿ ಮಾತಾಡುವವರು ಕೊರಳ ಬಳಿ ಎರಡು ಬೆರಳು ಸೇರಿಸಿ ಗುಂಡಿ ಹಾಕುವಂತೆ ಒಮ್ಮೆ ತಿರುಗಿಸಿದರೆ ಸಾಕು, ಅದು ಅವಳೇ. ಹುಟ್ಟಿನಿಂದ ಕಿವುಡಿ. ಹನ್ನೆರಡು ಯಂತ್ರಗಳು ಓಡುವ ಆ ಉದ್ದನೆಯ ಕೋಣೆಯಲ್ಲಿ ಯಾವ ಯಂತ್ರ ನಿಂತಿತೆಂಬುದನ್ನು ಅಂಗಾಲಿನಿಂದಲೇ ಹೇಳುತ್ತಿದ್ದಳು. ಇನ್ನುಳಿದದ್ದನ್ನೆಲ್ಲ ಕಣ್ಣು ನೋಡಿಕೊಳ್ಳುತ್ತಿತ್ತು.

ಭಾನುವಾರ ಮಧ್ಯಾಹ್ನ ಕಾರ್ಖಾನೆಯ ಬೀಗದ ಕೈ ಅವಳ ಸೆರಗಿನ ತುದಿಯಲ್ಲಿರುತ್ತಿತ್ತು. ಮಾಲೀಕನೇ ಕೊಟ್ಟಿದ್ದ. ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಸುತ್ತ ಊರಿನ ಕಿವುಡರು ಸೇರುತ್ತಿದ್ದರು, ಹತ್ತು ಜನ, ಹದಿನೈದು ಜನ. ಕುರ್ಚಿ ಹಾಕುವ ಅಧಿಕಾರ ಕಾಜಕ್ಕನದು. ಕಿಟಕಿಗೆ ಬೆನ್ನು ಮಾಡಿ ಯಾರೂ ಕೂರುವಂತಿಲ್ಲ. ಹಿಂದಿನಿಂದ ಬೆಳಕು ಬಿದ್ದರೆ ಮುಖ ಕಪ್ಪಾಗುತ್ತದೆ, ಕಪ್ಪಾದ ಮುಖ ಹೇಳಿದ್ದು ಅರ್ಧ ಮಾತು. ಚಹಾದ ಲೋಟವನ್ನು ಕೈಯಲ್ಲಿ ಹಿಡಿದು ಕೂರುವಂತಿಲ್ಲ. ಅದು ಬಾಯಿಗೆ ಬಟ್ಟೆ ತುರುಕಿಕೊಂಡು ಕುಳಿತ ಹಾಗೆ. ಇನ್ನೊಂದು ಕಟ್ಟಳೆ ಕೇಳುವವರಿಗೆ, ಎಂದರೆ ಕಿವಿ ಕೇಳುವವರಿಗೆ. ಕೈಮಾತು ಬಲ್ಲ ಕೇಳುವವರು ಇಬ್ಬರು ಮೂವರು ಬರುತ್ತಿದ್ದರು. ಅವರು ತಮ್ಮತಮ್ಮಲ್ಲೇ ಬಾಯಲ್ಲಿ ಮಾತಿಗಿಳಿದು ಕೈ ಕೆಳಗಿಳಿಸಿದರೆಂದರೆ ಕಾಜಕ್ಕ ಮೇಜಿಗೆ ಅಂಗೈ ಬಡಿಯುತ್ತಿದ್ದಳು. ಹಲಗೆ ನಡುಗಿ ಎಲ್ಲರೂ ತಿರುಗಿದ ಮೇಲೆ ಹೇಳುತ್ತಿದ್ದಳು:

"ಇಲ್ಲಿಗೆ ಬರೋವಾಗ ಬಾಯೀನ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬನ್ನಿ."

ಎಷ್ಟೇ ಚೆನ್ನಾಗಿ ಕೈಮಾತಾಡಲಿ, ಎದುರಿಗಿರುವವರು ಕೇಳುವವರೋ ಕಿವುಡರೋ ಎಂದು ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಅವಳು ಹೇಳಿಬಿಡುತ್ತಿದ್ದಳು. ಬೀದಿಯಲ್ಲಿ ಏನೋ ಸದ್ದಾಗುತ್ತದೆ, ಕೇಳುವವರ ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು ಬಾಗಿಲ ಕಡೆ ಹೋಗಿ ಬರುತ್ತದೆ. ಅವರಿಗೇ ಅದು ಗೊತ್ತಿರುವುದಿಲ್ಲ. ಕಿವುಡರ ನಡುವೆ ಮಾತಿನ ಮಧ್ಯೆ ಕಣ್ಣು ತೆಗೆಯುವುದೆಂದರೆ ಮುಖಕ್ಕೆ ಬಾಗಿಲು ಹಾಕಿದಂತೆ. ಆದರೂ ಕಾಜಕ್ಕ ಅದನ್ನು ಮನ್ನಿಸಿದ್ದಳು. ಪಾಪ, ಅವರ ಕಿವಿಗೆ ರೆಪ್ಪೆ ಇಲ್ಲ, ಮುಚ್ಚಿಕೊಳ್ಳಲಾರರು ಎನ್ನುತ್ತಿದ್ದಳು. ಅವಳು ಮನ್ನಿಸದಿದ್ದದ್ದು ಒಂದನ್ನೇ: ತಿಳಿಯದಿದ್ದರೂ ತಿಳಿದವರಂತೆ ಕೋಲೆ ಬಸವನ ಹಾಗೆ ತಲೆಯಾಡಿಸುವುದನ್ನು.

ಅದನ್ನು ಹಿಡಿಯುವುದಕ್ಕೊಂದು ಉಪಾಯವನ್ನೂ ಅವಳೇ ಹೂಡಿದ್ದಳು. ಹೊಸಬರು ಬಂದಾಗ ಒಂದು ಕತೆ ಶುರುಮಾಡುವುದು, ಕತೆಯ ನಡುವೆ ಮುಖದ ಗಾಂಭೀರ್ಯ ಕೆಡದಂತೆ ಒಂದು ಹಸಿ ಸುಳ್ಳು ಇಡುವುದು, ಇಟ್ಟು ಮುಂದೆ ಹೋಗುವುದು. ನಿಜವಾಗಿ ತಿಳಿದವರು ಹುಬ್ಬೇರಿಸುತ್ತಾರೆ. ತಿಳಿಯದವರು ಕೇಳುತ್ತಾರೆ. ಉಳಿದವರು ತಲೆಯಾಡಿಸುತ್ತಾರೆ.

ಇಸ್ತ್ರಿಯವಳು ಸಿಕ್ಕಿಬಿದ್ದದ್ದು ಹಾಗೆಯೇ. ಅವಳ ಇಸ್ತ್ರಿ ಮೇಜು ಕಾಜಕ್ಕನ ಎದುರಿಗೇ ಇತ್ತು. ಮೂವತ್ತು ದಾಟಿದ, ನಾಚಿಕೆ ಸ್ವಭಾವದ ಹೆಂಗಸು. ಮೊದಲು ಬಿಸಿ, ನೀರು, ಬೇಗ ಎಂಬ ಮೂರು ಮಾತು ಕಲಿತಳು. ವರ್ಷ ಕಳೆಯುವಷ್ಟರಲ್ಲಿ ಗಂಡನ ಮೇಲಿನ ದೂರನ್ನೂ ಕೈಯಲ್ಲೇ ಹೇಳತೊಡಗಿದಳು. ಕಾಜಕ್ಕ ಒಂದು ಭಾನುವಾರ ಕರೆದಳು. ಹೋದರೆ, ಆ ಕಿವುಡರಲ್ಲೊಬ್ಬನಾದ ಬಡಗಿಯಣ್ಣ ಮೊದಲ ನೋಟಕ್ಕೇ "ನೀನು ಇವಳು ಹೇಳಿದ್ದಕ್ಕಿಂತ ದಪ್ಪ ಇದ್ದೀಯ" ಎಂದ. ಇನ್ನೊಬ್ಬಳು, ಮಕ್ಕಳು ಯಾಕಿಲ್ಲ, ತೊಂದರೆ ನಿನ್ನದೋ ಅವನದೋ ಎಂದು ಕೇಳಿದಳು. ಎಲ್ಲರ ಹುಬ್ಬು, ಕೆನ್ನೆ, ಭುಜ ಏಕಕಾಲಕ್ಕೆ ಕುಣಿಯುತ್ತಿದ್ದವು. ಜಗಳವೇ ನಡೆಯುತ್ತಿದೆಯೆಂದು ಅವಳೆಂದುಕೊಂಡಳು. ಅಷ್ಟರಲ್ಲಿ ಕಾಜಕ್ಕ ತಾನು ಬಸ್ಸು ತಪ್ಪಿಸಿಕೊಂಡ ಕತೆ ತೆಗೆದಳು. ಓಡಿದೆ, ಚಪ್ಪಲಿ ಕಿತ್ತಿತು, ಕೊನೆಗೆ ಬಸ್ಸನ್ನು ಮಡಚಿ ಚೀಲದಲ್ಲಿಟ್ಟುಕೊಂಡು ನಡೆದು ಬಂದೆ ಎಂದಳು. ಇಸ್ತ್ರಿಯವಳು ಮುಗುಳ್ನಕ್ಕು, ಹೌದು ಹೌದು ಎಂದು ತಲೆಯಾಡಿಸಿದಳು.

ಮೇಜಿನ ಸುತ್ತ ನಗು ಎದ್ದಿತು. ಇಸ್ತ್ರಿಯವಳು ಕಣ್ಣು ತುಂಬಿಕೊಂಡು ಎದ್ದು ಹೋದಳು.

ಮರುದಿನ ಕೆಲಸದಲ್ಲಿ ಅವಳು ಕಾಜಕ್ಕನ ಕಡೆ ತಿರುಗಲಿಲ್ಲ. ಊಟದ ಹೊತ್ತಿಗೆ ಕಾಜಕ್ಕ ತಾನೇ ಎದ್ದು ಹೋಗಿ ಅವಳ ಗಲ್ಲ ಹಿಡಿದು ಮುಖ ತನ್ನತ್ತ ತಿರುಗಿಸಿಕೊಂಡಳು. ಅಂದು ನಡೆದದ್ದು ದೊಡ್ಡ ಮಾತುಕತೆ. ನಿಮ್ಮವರು ಒರಟರು ಎಂದಳು ಇಸ್ತ್ರಿಯವಳು. ನಿಮ್ಮವರು ಮುಸುಕು ಹಾಕಿಕೊಂಡು ಮಾತಾಡುವವರು ಎಂದಳು ಕಾಜಕ್ಕ. ದಪ್ಪ ಇರುವವಳನ್ನು ದಪ್ಪ ಎಂದರೆ ಬೈಗುಳವಲ್ಲ, ನಿನ್ನನ್ನು ಕಣ್ತುಂಬ ನೋಡಿದ್ದೇನೆ ಎಂದರ್ಥ. ಮಕ್ಕಳ ವಿಷಯ ಕೇಳಿದವಳು ತನ್ನ ಮೂರು ಗರ್ಭಪಾತದ ಸಂಗತಿಯನ್ನೂ ಹೇಳುವವಳಿದ್ದಳು, ನೀನೇ ಎದ್ದು ಹೋದೆ. ಆಮೇಲೆ ಕಾಜಕ್ಕ ನಿಧಾನವಾಗಿ, ಒಂದೊಂದೇ ಮಾತನ್ನು ಎದೆಯ ಮುಂದೆ ಇಟ್ಟು ತೋರಿಸುವಂತೆ ಹೇಳಿದಳು.

"ನೀನು ಗೊತ್ತಾಗಲಿಲ್ಲ ಅಂದ್ರೆ ನಾನು ಹತ್ತು ಸಲ ಹೇಳ್ತೀನಿ, ನನ್ನ ಕೈ ಸವೆಯಲ್ಲ. ತಲೆ ಆಡಿಸಿದ್ರೆ ನಾನು ಗೋಡೆ ಜೊತೆ ಮಾತಾಡಿದ ಹಾಗಾಯ್ತು. ಹುಟ್ಟಿದಾಗಿಂದ ಗೋಡೆಗಳ ಜೊತೆ ಮಾತಾಡಿ ಸಾಕಾಗಿದೆ ಕಣೇ."

ಇಸ್ತ್ರಿಯವಳು ಮತ್ತೆ ಬಂದಳು. ಮತ್ತೆ ತಲೆಯಾಡಿಸಲಿಲ್ಲ. ಒಂದೊಂದು ಕತೆಗೆ ಐದು ಸಲ ಕೈಯೆತ್ತಿ ತಡೆಯುತ್ತಿದ್ದಳು. ಬಡಗಿಯಣ್ಣ ತಲೆ ಚಚ್ಚಿಕೊಳ್ಳುತ್ತಿದ್ದ, ಆದರೂ ಮತ್ತೆ ಹೇಳುತ್ತಿದ್ದ. ಹೀಗೆ ಎರಡು ವರ್ಷ ಕಳೆಯಿತು.

ಕಾಜಕ್ಕನ ಮಗನಿಗೆ ಈ ಪರೀಕ್ಷೆಯ ಅಗತ್ಯವೇ ಇರಲಿಲ್ಲ. ಅವನಿಗೆ ಕಿವಿ ಕೇಳುತ್ತಿತ್ತು. ಆದರೆ ತೊದಲು ನುಡಿಯುವ ಮೊದಲೇ ಕೈಯಲ್ಲಿ ನುಡಿದಿದ್ದ. ಮನೆಗಳಿಗೆ ವಿದ್ಯುತ್ ತಂತಿ ಎಳೆಯುವ ಕೆಲಸ ಅವನದು. ಅಷ್ಟು ಚುರುಕಾದ, ಅಷ್ಟು ಚೆಲುವಾದ ಕೈಮಾತು ಹುಟ್ಟುಕಿವುಡರಲ್ಲೂ ಅಪರೂಪ. ಹೊಸ ಕಿವುಡರು ಅವನನ್ನು ತಮ್ಮವನೆಂದೇ ತಿಳಿದು, ಕೇಳುವವರನ್ನು ಹಿಗ್ಗಾಮುಗ್ಗಾ ಬೈದು, ಆಮೇಲೆ ಸತ್ಯ ತಿಳಿದು ನಾಲಿಗೆ ಕಚ್ಚಿಕೊಂಡದ್ದುಂಟು. ಆರು ವರ್ಷದವನಿದ್ದಾಗಿನಿಂದ ಅಂಗಡಿ, ಶಾಲೆ, ಕಚೇರಿ, ಆಸ್ಪತ್ರೆ ಎಲ್ಲೆಡೆ ಅಪ್ಪ ಅಮ್ಮ ಇಬ್ಬರಿಗೂ ಅವನೇ ನಾಲಿಗೆ, ಅವನೇ ಕಿವಿ. ಅಚ್ಚುಕೂಟದಲ್ಲಿ ಕೆಲಸ ಮಾಡುತ್ತಿದ್ದ ಅಪ್ಪ, ಅವನೂ ಕಿವುಡನೇ, ಮಗನಿಗೆ ಒಂಬತ್ತು ತುಂಬುವ ಹೊತ್ತಿಗೆ ತೀರಿಕೊಂಡಿದ್ದ. ಅಲ್ಲಿಂದ ಮುಂದೆ ಅಮ್ಮನ ಲೋಕದ ಬಾಗಿಲು ಆ ಒಬ್ಬ ಹುಡುಗನ ಎರಡು ಕೈ.

ಆ ಕೈಯಲ್ಲಿ ಒಂದೇ ಒಂದು ದೋಷವಿತ್ತು. ಕೇಳುವವರು ಹತ್ತು ಮಾತಾಡಿದರೆ ಅವನು ಎರಡನ್ನು ಅಮ್ಮನಿಗೆ ದಾಟಿಸುತ್ತಿದ್ದ. ಉಳಿದದ್ದೇನು ಎಂದು ಕೇಳಿದರೆ ಅಂಗೈಯನ್ನು ಸುಮ್ಮನೆ ಹೊರಳಿಸುತ್ತಿದ್ದ: ಏನಿಲ್ಲ, ಆಮೇಲೆ ಹೇಳ್ತೀನಿ. ಆ ಆಮೇಲೆ ಎಂಬುದು ಬಂದದ್ದೇ ಇಲ್ಲ. ದುಡಿದು ದಣಿದ ಮಗ, ಪ್ರೀತಿಗೆ ಕಡಿಮೆಯಿಲ್ಲದ ಮಗ. ಕಾಜಕ್ಕ ಕೆದಕಲಿಲ್ಲ. ಊರಿಗೆಲ್ಲ ಕಟ್ಟಳೆ ಹೇಳುವವಳು ಮನೆಯಲ್ಲಿ ಮಾತ್ರ ಸುಮ್ಮನಿದ್ದಳು.

ಆಮೇಲೆ ಒಂದು ಭಾನುವಾರ ಕತೆ ಹೇಳುವ ಸರದಿ ಬಡಗಿಯಣ್ಣನಿಗೆ ಬಂತು. ಅವನ ಎಡಗೈಯ ತೋರುಬೆರಳು ಅರ್ಧ ಗರಗಸಕ್ಕೆ ಹೋಗಿತ್ತು. ಅದರಿಂದ ಕೈಮಾತಿಗೊಂದು ತೊದಲು. ನನ್ನದು ಅರ್ಧ ಬೆರಳು ಕಡಿಮೆ, ಒಂದೂವರೆ ಸುಳ್ಳು ಹೆಚ್ಚು ಎಂದು ತನ್ನನ್ನು ತಾನೇ ಆಡಿಕೊಳ್ಳುತ್ತಿದ್ದ. ಮಹಾ ಜಿಪುಣಿಯೊಬ್ಬಳ ಮನೆಗೆ ಬಟ್ಟೆಯ ಬೀರು ಮಾಡಿಕೊಟ್ಟ ಕತೆ ಹೇಳತೊಡಗಿದ. ಬೀರು ಬಾಗಿಲಲ್ಲಿ ಹಿಡಿಸಲಿಲ್ಲ, ಮೆಟ್ಟಿಲ ಮೇಲೆ ತಿರುಗಲಿಲ್ಲ, ಅವಳು ಅಡ್ಡ ನಿಂತು ಗೋಡೆ ಗೀಚೀತೆಂದು ಕೂಗಾಡಿದಳು. ಕೊನೆಗೆ ಬೇಸತ್ತು ಆ ಮನೆಯೊಡತಿಯನ್ನೇ ಸೀರೆಯಂತೆ ನಾಲ್ಕು ಮಡಿಕೆ ಮಾಡಿ ಮೇಲಿನ ಖಾನೆಯಲ್ಲಿಟ್ಟು ಬಾಗಿಲು ಹಾಕಿದೆ ಎಂದ.

ಕಾಜಕ್ಕನ ಮಗ ಆಗಲೇ ನಗುತ್ತಿದ್ದ. ಇಸ್ತ್ರಿಯವಳು ಕೈಯೆತ್ತಿದಳು. "ತಡಿಯಣ್ಣ. ಮನೆಯೊಡತೀನ ಏನು ಮಾಡ್ದೆ? ಗೊತ್ತಾಗಲಿಲ್ಲ." ಬಡಗಿಯಣ್ಣ ಖುಷಿಯಿಂದ ಅವಳನ್ನೇ ನಾಲ್ಕು ಮಡಿಕೆ ಮಾಡುವವನಂತೆ ಎದ್ದ. ಏಳುವಾಗ ಅವನ ಕಣ್ಣು ಕಾಜಕ್ಕನ ಮೇಲೆ ಬಿತ್ತು.

ಕಾಜಕ್ಕ ತಲೆಯಾಡಿಸುತ್ತಿದ್ದಳು. ಸಣ್ಣ ನಗೆ ನಗುತ್ತ, ಹೌದು ಹೌದು ಎಂದು ಮೆಲ್ಲಗೆ ತಲೆಯಾಡಿಸುತ್ತಲೇ ಇದ್ದಳು.

ಬಡಗಿಯಣ್ಣ ಅವಳ ಹತ್ತಿರ ಬಂದು ಮುಂದೆ ಕುಳಿತ. "ಕಾಜಾ, ಬೀರುವಿನೊಳಗೆ ನಾನೇನಿಟ್ಟೆ ಹೇಳು."

ಅವಳು ಹೇಳಿದಳು. "ಬಟ್ಟೆ."

ಯಾರೂ ನಗಲಿಲ್ಲ. ಸುತ್ತ ಎಲ್ಲರ ಕೈಗಳೂ ತೊಡೆಯ ಮೇಲೆ ಇಳಿದವು. ಕಿವುಡರ ಮೌನವೆಂದರೆ ಅದು.

ಒಂದು ವರ್ಷದಿಂದ ಅವಳ ಕಣ್ಣು ಹಾಗಿತ್ತು. ದೀಪದ ಸುತ್ತ ಬಳೆಗಳು ಕಾಣುತ್ತಿದ್ದವು. ಒಂದು ಬೆರಳು ಎರಡಾಗುತ್ತಿತ್ತು. ಹೊಗೆ ಹಿಡಿದ ಗಾಜಿನ ಹಿಂದೆ ಜನ ಕೈ ಬೀಸುವಂತೆ ಕಾಣುತ್ತಿತ್ತು. ಕಾಜಾದ ಗಂಟನ್ನು ಕಣ್ಣಿಗಿಂತ ಹೆಚ್ಚಾಗಿ ಉಗುರಿನಿಂದ ಎಣಿಸಿ ಹಾಕುತ್ತಿದ್ದಳು. ಭಾನುವಾರ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು, ಉಳಿದವರು ನಕ್ಕಾಗ ನಗುತ್ತಿದ್ದಳು. ಮತ್ತೊಮ್ಮೆ ಹೇಳಿ ಎನ್ನಲು ಸಂಕೋಚ. ಎಲ್ಲರ ಮಾತಿಗೆ ತಾನೇ ಕಲ್ಲಾಗಿ ಅಡ್ಡ ಬೀಳಬಾರದೆಂಬ ಸಂಕೋಚ.

ಅಂದು ಬೀಗ ಹಾಕಿಕೊಂಡು ಹೊರಟಾಗ ಅವಳು ಇಸ್ತ್ರಿಯವಳ ತೋಳು ಹಿಡಿದು ನಿಲ್ಲಿಸಿದಳು. ಕೇಳುವವರು ಸೊಕ್ಕಿನಿಂದ ತಲೆಯಾಡಿಸುತ್ತಾರೆ ಎಂದುಕೊಂಡಿದ್ದೆ, ಹೆದರಿಕೆಯಿಂದ ಆಡಿಸುತ್ತಾರೆ ಎಂದು ಇವತ್ತು ಗೊತ್ತಾಯಿತು, ಅವತ್ತು ನಿನ್ನನ್ನು ನೋಡಿ ನಗಬಾರದಿತ್ತು ಎಂದಳು. ಅರವತ್ತರ ಹತ್ತಿರದ ಹೆಂಗಸು ಬೀದಿಯಲ್ಲಿ ನಿಂತು ತನ್ನ ತಪ್ಪು ಒಪ್ಪಿಕೊಂಡ ಆ ಬಗೆಯನ್ನು ಇಸ್ತ್ರಿಯವಳು ಬಹಳ ದಿನ ನೆನೆಸಿಕೊಳ್ಳುತ್ತಿದ್ದಳು.

ಮರುವಾರ ಮಗ ಅವಳನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಗಲ್ಲವನ್ನು ಯಂತ್ರದ ಮೇಲೆ ಇಡಿಸಿ ನೋಡಿದರು. ಆಮೇಲೆ ಮಗನ ಕಡೆ ತಿರುಗಿ ಮಾತಾಡಿದರು. ಅವರ ತುಟಿ ಅಲ್ಲಾಡುವುದು ಮಂಜಿನಲ್ಲಿ ಕಾಣುತ್ತಲೇ ಇತ್ತು. ನಿಲ್ಲಲಿಲ್ಲ. ಒಮ್ಮೆ ಬಲಗಣ್ಣನ್ನು ಬೆರಳಿಟ್ಟು ತೋರಿಸಿದರು, ಮಗನ ಭುಜ ಒಮ್ಮೆ ಕೆಳಗಿಳಿಯಿತು. ಅಷ್ಟೆಲ್ಲ ಆದಮೇಲೆ ಮಗ ಅಮ್ಮನ ಮುಖದ ಹತ್ತಿರ ಕೈ ತಂದು ಹೇಳಿದ್ದು ಇಷ್ಟು: ಪೊರೆ ಬಂದಿದೆ, ಸಣ್ಣ ಆಪರೇಷನ್, ಸರಿಹೋಗುತ್ತೆ.

ಗುಡ್ಡ ಅಗೆದು ಇಲಿ ಹಿಡಿದಂತಾಯಿತು. ಮಿಕ್ಕಿದ್ದೇನು ಎಂದು ಕೇಳಿದಳು. ಅಂಗೈ ಹೊರಳಿತು. ಏನಿಲ್ಲ.

ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕುಳಿತು ಕಾಜಕ್ಕ ಎರಡು ಬಸ್ಸು ಬಿಟ್ಟಳು. ಕಿವಿಯಿಲ್ಲದೆ ಐವತ್ತೆಂಟು ವರ್ಷ ಬಾಳಿದವಳಿಗೆ ಕಣ್ಣೂ ಹೋದರೆ ಉಳಿಯುವುದೇನು? ಕತ್ತಲಲ್ಲ, ಕತ್ತಲಿಗೆ ಅವಳು ಹೆದರುವವಳಲ್ಲ. ಜನ ಉಳಿಯುವುದಿಲ್ಲ. ಮಗನ ಮಾತು, ಬಡಗಿಯಣ್ಣನ ಸುಳ್ಳು, ಭಾನುವಾರದ ಮೇಜು, ಎಲ್ಲವೂ ಆ ಎರಡು ಕಿಂಡಿಗಳಿಂದಲೇ ಒಳಗೆ ಬರಬೇಕು. ಅಂಥ ಕಣ್ಣಿನ ಬಗ್ಗೆ ಹೇಳಿದ ಮಾತಿನಲ್ಲಿ ಎಂಟು ಪಾಲು ಇನ್ನೊಬ್ಬರ ಹೊಟ್ಟೆಯಲ್ಲಿ ಉಳಿದಿದೆ. ಮೂರನೆಯ ಬಸ್ಸು ಬರುವಾಗ ಅವಳು ಮಗನಿಗೆ ಕಡ್ಡಿ ಮುರಿದಂತೆ ಹೇಳಿದಳು: ಗುರುವಾರ ಮತ್ತೆ ಬರುತ್ತೇನೆ, ಇಸ್ತ್ರಿಯವಳ ಜೊತೆ.

ಮಗನ ಮುಖ ಚಿಕ್ಕದಾಯಿತು. "ಅವಳಿಗೆ ಅರ್ಧ ಮಾತೂ ಬರಲ್ಲಮ್ಮ. ನನ್ನ ಕೈಗಿಂತ ಅವಳ ಕೈ ಹೆಚ್ಚಾಯ್ತಾ?"

"ನಿನ್ನ ಕೈ ಚಿನ್ನ," ಎಂದಳು ಕಾಜಕ್ಕ. "ಆದ್ರೆ ಅವಳು ಗೊತ್ತಿಲ್ದೇ ಇದ್ರೆ ಗೊತ್ತಿಲ್ಲ ಅಂತಾಳೆ. ನೀನು ಗೊತ್ತಿದ್ರೂ ಏನಿಲ್ಲ ಅಂತೀಯ."

ಗುರುವಾರ ಇಸ್ತ್ರಿಯವಳು ಅರ್ಧ ದಿನದ ರಜೆ ಕೇಳಿ ಬಂದಳು. ನನ್ನಿಂದ ಒಂದು ಮಾತು ತಪ್ಪಿದರೆ ನಿನ್ನ ಕಣ್ಣಿಗೇ ಕುತ್ತು, ಬೇರೆ ಯಾರನ್ನಾದರೂ ಕರೆದುಕೊಂಡು ಹೋಗಕ್ಕ ಎಂದು ದಾರಿಯುದ್ದಕ್ಕೂ ಗೋಗರೆದಳು. ತಪ್ಪಿದರೆ ಮತ್ತೆ ಕೇಳು, ಡಾಕ್ಟರ ನಾಲಿಗೆಯೂ ಸವೆಯಲ್ಲ ಎಂದಳು ಕಾಜಕ್ಕ.

ಡಾಕ್ಟರು ಸಿಡುಕಿನವರಲ್ಲ, ಆದರೆ ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಅವರು ಒಂದು ಮಾತು ಆಡುವುದು, ಇಸ್ತ್ರಿಯವಳು ತಡೆಯುವುದು. ಪೊರೆಯ ಹಿಂದಿನ ಪದರ ಎಂದರೆ ಯಾವುದು, ಸಾರ್? ಎಷ್ಟು ಹಿಂದೆ? ಇವಳು ಕೇಳಿ, ಅವರು ಕಾಗದದ ಮೇಲೆ ಕಣ್ಣಿನ ಚಿತ್ರ ಬರೆದು, ಇವಳು ಅದನ್ನು ಮುಷ್ಟಿಯಲ್ಲಿ ಮಾಡಿ ತೋರಿಸಿ, ಕಾಜಕ್ಕ ಮುಷ್ಟಿಯನ್ನು ಕೈಯಿಂದ ಮುಟ್ಟಿ ತಿಳಿದುಕೊಂಡು ಮುಂದೆ ಸಾಗಬೇಕು. ಮೂರನೆಯ ಸಲ ತಡೆದಾಗ ಡಾಕ್ಟರು ಎರಡೂ ಕಣ್ಣಿನ ಸ್ಥಿತಿಯನ್ನು ಅವಳಿಗೆ ವಿವರಿಸಿ, ಪೆನ್ನು ಕೆಳಗಿಟ್ಟು ತಗ್ಗಿದ ದನಿಯಲ್ಲಿ ಹೇಳಿದರು.

"ನೋಡಮ್ಮ, ಬಲಗಣ್ಣಿನ ವಿಷಯ ಅವರಿಗೆ ಹೇಳೋದು ಬೇಡ. ಸುಮ್ಮನೆ ಹೆದರ್ತಾರೆ. ಮಗನಿಗೆ ಹೇಳಿದ್ದೀನಿ, ಸಾಕು."

ಕಾಜಕ್ಕ ಅದನ್ನು ಕೇಳಲಿಲ್ಲ. ಇಸ್ತ್ರಿಯವಳ ಕೈ ಎದೆಯ ಮಟ್ಟದಲ್ಲಿ ಹಾಗೆಯೇ ನಿಂತದ್ದನ್ನು ಮಾತ್ರ ಕಂಡಳು. ಕೇಳುವವರ ಕೈ ಹಾಗೆ ಗಾಳಿಯಲ್ಲಿ ನಿಂತಿತೆಂದರೆ ಅವರ ಕಿವಿಗೆ ಏನೋ ಬಿದ್ದಿದೆ, ಅದು ಕೈಗೆ ಇಳಿಯಬೇಕೋ ಬೇಡವೋ ಎಂದು ಒಳಗೆ ನ್ಯಾಯ ನಡೆಯುತ್ತಿದೆ. ಆ ನಿಲುಗಡೆಯನ್ನು ಅವಳು ಆಯುಷ್ಯದಲ್ಲಿ ಸಾವಿರ ಸಲ ಕಂಡಿದ್ದಳು. ಪ್ರತಿ ಸಲ ಅದರ ಹಿಂದೆಯೇ ಅಂಗೈ ಹೊರಳಿತ್ತು. ಅವಳು ಕಾದಳು.

ಇಸ್ತ್ರಿಯವಳ ಕೈ ಮೇಲೆ ಬಂತು. "ನಿಂಗೆ ಹೇಳಬೇಡ ಅಂತಿದ್ದಾರಕ್ಕ. ಹೆದರ್ತೀಯ ಅಂತೆ."

"ಏನನ್ನ?"

"ಬಲಗಣ್ಣು. ಪೊರೆ ತೆಗೆದ್ರೂ ಅದರ ನಡುಮಧ್ಯ ಕಾಣೋದು ಕಷ್ಟ ಅಂತೆ. ಒಳಗಿನ ಪದರ ಹಾಳಾಗಿದೆ. ಎಡಗಣ್ಣು ಚೆನ್ನಾಗಿದೆ, ಅದು ಬರುತ್ತೆ ಅಂತ ಧೈರ್ಯ ಇದೆ. ಖಂಡಿತ ಅಂತ ಹೇಳ್ತಿಲ್ಲ." ಆಮೇಲೆ ಅವಳು ಡಾಕ್ಟರ ಕಡೆ ತಿರುಗಿ, ನೀವಂದದ್ದನ್ನೆಲ್ಲ ಹೇಳಿಬಿಟ್ಟೆ ಸಾರ್, ಬೇಡ ಅಂದದ್ದನ್ನೂ ಹೇಳಿದೆ ಎಂದು ಬಾಯಲ್ಲಿ ಹೇಳಿ, ಹಾಗೆ ಹೇಳಿದೆನೆಂಬುದನ್ನೂ ಕಾಜಕ್ಕನಿಗೆ ಕೈಯಲ್ಲಿ ಹೇಳಿದಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಕೈ ಎರಡೂ ಕೆಲಸದಲ್ಲಿದ್ದುದರಿಂದ ಒರೆಸಿಕೊಳ್ಳಲಾಗಲಿಲ್ಲ.

ಕಾಜಕ್ಕ ಅಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕುಳಿತು ಪ್ರಶ್ನೆಗಳನ್ನು ಶುರುಮಾಡಿದಳು, ಗಂಟಿನ ಪಕ್ಕ ಗಂಟು ಹಾಕುವ ಹಾಗೆ. ಎಡಗಣ್ಣಿಗೆ ಮೊದಲು ಮಾಡುತ್ತೀರಲ್ಲ, ಕಟ್ಟು ಹಾಕಿದ ಮೇಲೆ ಎಷ್ಟು ಹೊತ್ತು? ಒಂದು ಹಗಲು ಒಂದು ರಾತ್ರಿ. ಆ ಹೊತ್ತಿನಲ್ಲಿ ಬಲಗಣ್ಣಿನಲ್ಲಿ ಕೈಮಾತು ಕಾಣದು, ಗೊತ್ತೇ? ಆಪರೇಷನ್ ಹೊತ್ತಿನಲ್ಲಿ ಮುಖದ ಮೇಲೆ ಬಟ್ಟೆ ಹೊದಿಸುತ್ತೀರಂತೆ. ಅಲುಗಾಡಬೇಡ ಎಂದು ನನಗೆ ಹೇಗೆ ಹೇಳುತ್ತೀರಿ?

ಕೊನೆಯ ಪ್ರಶ್ನೆಗೆ ಡಾಕ್ಟರು, ತಾನು ಅದನ್ನು ಯೋಚಿಸಿರಲಿಲ್ಲ ಎಂದು ಒಪ್ಪಿಕೊಂಡರು. ಮತ್ತೆ ಅವರು ಮಾತಾಡಿದಾಗ ಇಸ್ತ್ರಿಯವಳ ಕಡೆ ನೋಡಲಿಲ್ಲ. ಕಾಜಕ್ಕನ ಮುಖ ನೋಡಿಯೇ ಮಾತಾಡಿದರು. ಕಾಣುವುದು ಕಷ್ಟವಿದ್ದರೂ ಆ ಒಂದು ಬದಲಾವಣೆ ಅವಳಿಗೆ ಚೆನ್ನಾಗಿ ಕಂಡಿತು. ಅಲ್ಲೇ ಒಪ್ಪಂದವಾಯಿತು. ಇಸ್ತ್ರಿಯವಳು ಕೈತೊಳೆದು, ಅಂಗಿ ಟೋಪಿ ಹಾಕಿಕೊಂಡು ಒಳಗೆ ಬರಬೇಕು, ಕಾಜಕ್ಕನ ಬಲಗೈ ಹಿಡಿದಿರಬೇಕು. ಒಂದು ಸಲ ಒತ್ತಿದರೆ ಅಲುಗಾಡಬೇಡ. ಎರಡು ಸಲ ಒತ್ತಿದರೆ ಸ್ವಲ್ಪ ನೋವಾಗುತ್ತದೆ. ಅಂಗೈಯಲ್ಲಿ ಒಂದು ಸುತ್ತು ಬರೆದರೆ ಮುಗಿಯಿತು.

ಮನೆಗೆ ಬಂದು ಮಗನನ್ನು ದೀಪದ ಕೆಳಗೆ, ತನಗೆ ತೀರ ಹತ್ತಿರ ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಅವನು ತಲೆ ತಗ್ಗಿಸಿದ. ತಲೆ ತಗ್ಗಿಸಿದರೆ ಮಾತು ನಿಲ್ಲುತ್ತದೆ, ಆದ್ದರಿಂದ ಗಲ್ಲ ಹಿಡಿದು ಎತ್ತಿದಳು. ಆಗ ಅವನ ಕೈ ಎದ್ದಿತು.

"ಅಪ್ಪನ ಸಲ ಡಾಕ್ಟರು ನಂಗೆ ಹೇಳಿದ್ರು. ಇನ್ನು ಎರಡೇ ತಿಂಗಳು, ಅಮ್ಮಂಗೆ ಹೇಳಬೇಡ ಮರಿ, ಅಂತ. ಒಂಬತ್ತು ವರ್ಷ ನಂಗೆ. ನೀನು ಏನಂದ್ರು ಅಂತ ಕೇಳ್ದೆ. ಏನಿಲ್ಲ ಅಂದೆ."

ಕಾಜಕ್ಕ ಅಲ್ಲಾಡದೆ ನೋಡುತ್ತಿದ್ದಳು. ಇಪ್ಪತ್ತೆರಡು ವರ್ಷಗಳಿಂದ ಹೊರಳುತ್ತಿದ್ದ ಆ ಅಂಗೈ ಯಾವಾಗ ಮೊದಲು ಹೊರಳಿತೆಂದು ಅವಳಿಗೆ ಈಗ ತಿಳಿಯಿತು. ಗಂಡ ಹೋದ ವಾರದಲ್ಲಿ, ಇಷ್ಟು ಬೇಗ ಎಂದು ತಾನು ಎದೆ ಬಡಿದುಕೊಂಡಾಗ ಮೂಲೆಯಲ್ಲಿ ನಿಂತಿದ್ದ ಹುಡುಗನ ಒಣ ಮುಖವೂ ಈಗ ಅರ್ಥವಾಯಿತು. ಬೈಯಬಹುದಿತ್ತು. ಕೊನೆಯ ಎರಡು ತಿಂಗಳನ್ನು ಗಂಡನೊಡನೆ ಬೇರೆ ಬಗೆಯಲ್ಲಿ ಕಳೆಯಬಹುದಿತ್ತಲ್ಲ ಎಂಬ ಸಂಕಟ ಬೆರಳ ತುದಿಯವರೆಗೆ ಬಂದಿತ್ತು. ಅದನ್ನು ಅವಳು ಅಲ್ಲೇ ನಿಲ್ಲಿಸಿದಳು.

"ತಪ್ಪು ನಿಂದಲ್ಲ," ಎಂದಳು. "ಆನೆ ಹೊರೋ ಭಾರ ಆಡಿನ ಮರಿ ಮೇಲೆ ಹೊರಿಸಿದ್ವಿ, ನಾನೂ ನಿಮ್ಮಪ್ಪನೂ. ಡಾಕ್ಟರೂ. ಇನ್ನು ಸಾಕು. ಆಸ್ಪತ್ರೆಗೆ ಬಾ, ಮಗನಾಗಿ ಬಾ. ಹೊರಗೆ ಕೂತ್ಕೋ. ಯಾರು ಏನಂದ್ರು ಅನ್ನೋದು ನಿನ್ನ ಕೆಲಸ ಅಲ್ಲ."

ಅವನು ಅಮ್ಮನ ಮಡಿಲಲ್ಲಿ ಮುಖವಿಟ್ಟ. ಅವನು ಅತ್ತದ್ದು ಅವಳಿಗೆ ತೊಡೆಯ ಮೇಲಿನ ನಡುಕದಿಂದ ತಿಳಿಯಿತು. ಅದು ನಿಲ್ಲುವವರೆಗೆ ತಲೆ ನೇವರಿಸುತ್ತ ಕುಳಿತಿದ್ದಳು.

ಆಪರೇಷನ್ ದಿನ ಬೆಳಗ್ಗೆ ಹತ್ತಕ್ಕೆ ಒಳಗೆ ಕರೆದರು. ಮುಖದ ಮೇಲೆ ಬಟ್ಟೆ ಬಂತು. ಎಡಗಣ್ಣಿನ ಎದುರಿಗೆ ಒಂದು ಬಿಳಿ ಬೆಳಕು ಮಾತ್ರ ಉಳಿಯಿತು, ಆಕಾರವಿಲ್ಲದ, ಹಾಲು ಚೆಲ್ಲಿದಂಥ ಬೆಳಕು. ಕೈಯೊಳಗಿನ ಕೈ ಬಿಸಿಯಾಗಿತ್ತು. ಹತ್ತು ಹನ್ನೆರಡು ವರ್ಷ ಇಸ್ತ್ರಿ ಹಿಡಿದು ಗಟ್ಟಿಯಾದ ಅಂಗೈ ಅದು. ಒಂದು ಒತ್ತು ಬಂತು. ಅವಳು ಕಲ್ಲಾದಳು. ಮೂಗಿನ ತುದಿಯಲ್ಲಿ ತುರಿಕೆ ಎದ್ದಿತು, ಅಂಥ ಹೊತ್ತಿನಲ್ಲಿ ಏಳಲೇಬೇಕಾದ ಹಾಳು ತುರಿಕೆ. ಎರಡು ಒತ್ತು ಬಂದವು. ನೋವೂ ಬಂತು, ಹೇಳಿದಷ್ಟೇ ಬಂತು, ಹೇಳಿದ್ದಕ್ಕಿಂತ ಹೆಚ್ಚಲ್ಲ. ಮತ್ತೆ ಒಂದು ಒತ್ತು, ಬಲವಾಗಿ, ಬಹಳ ಹೊತ್ತು. ಹೊರಗೆ ಏನು ನಡೆಯುತ್ತಿದೆಯೋ ತಿಳಿಯದು, ಆದರೆ ಏನೂ ನಡೆಯುತ್ತಿಲ್ಲವೆಂದು ಈ ಕೈ ಸುಳ್ಳು ಹೇಳುವುದಿಲ್ಲ. ಆ ಒಂದು ನೆಚ್ಚಿಕೆಯ ಮೇಲೆ ಅವಳು ಉಸಿರನ್ನೂ ಅಳೆದು ಬಿಡುತ್ತ ಮಲಗಿದಳು. ಕೊನೆಗೆ ಅಂಗೈಯಲ್ಲಿ ಒಂದು ಸುತ್ತು ಮೂಡಿತು. ಬೆವರಿನಲ್ಲಿ ಜಾರುತ್ತ, ಡೊಂಕಾಗಿ.

ಕಟ್ಟು ಹಾಕಿದ ಆ ಒಂದು ಹಗಲು ರಾತ್ರಿ ಮಗ ಪಕ್ಕದಲ್ಲೇ ಇದ್ದ. ಕೈಮಾತು ಕಾಣದು, ಆದ್ದರಿಂದ ಅವಳ ಅಂಗೈಯ ಮೇಲೆ ಬೆರಳಿನಿಂದ ಬರೆಯುತ್ತಿದ್ದ: ನೀರು ಬೇಕಾ, ಎದುರು ಹಾಸಿಗೆ ಮುದುಕಿ ಗೊರಕೆ ಹೊಡೀತಾಳೆ, ನರ್ಸಿಗೆ ಡಾಕ್ಟರ ಮೇಲೆ ಕೋಪ. ಏನೂ ಬಿಡದೆ ಬರೆಯುತ್ತಿದ್ದ. ಗೊರಕೆಯ ಬಗೆಯನ್ನೂ ಅಂಗೈಯ ಮೇಲೆ ಎಳೆದು ತೋರಿಸಿದಾಗ ಅವಳಿಗೆ ನಗು ತಡೆಯಲಾಗದೆ, ಕಣ್ಣು ನೋಯುತ್ತದೆ ನಗಿಸಬೇಡ ಎಂದು ಅವನ ಕೈಗೆ ಹೊಡೆದಳು.

ಮರುದಿನ ಬೆಳಗ್ಗೆ ಡಾಕ್ಟರು ಬಂದರು. ಒಂದು ಬದಿಗೆ ಇಸ್ತ್ರಿಯವಳು, ಇನ್ನೊಂದು ಬದಿಗೆ ಮಗ. ಕಟ್ಟು ಬಿಚ್ಚಿದಾಗ ಮೊದಲು ಬೆಳಕು ಚುಚ್ಚಿತು, ನೀರು ಬಂತು. ನೀರಿನ ಹಿಂದೆ ಕಿಟಕಿಯ ಸರಳುಗಳು ಒಂದೊಂದಾಗಿ, ಒಂದು ಒಂದೇ ಆಗಿ, ಎರಡಾಗದೆ ನಿಂತವು. ಗೋಡೆ ಇಷ್ಟು ಬಿಳಿಯೇ? ಅವಳು ತನ್ನ ಕೈಯನ್ನು ಮುಖದ ಮುಂದೆ ಹಿಡಿದು ಐದು ಬೆರಳನ್ನೂ ಬಿಡಿಸಿ ಮಡಿಸಿ ನೋಡಿದಳು. ಐದೇ ಇದ್ದವು. ಆಮೇಲೆ ಮಗನ ಮುಖ ನೋಡಿದಳು, ರೆಪ್ಪೆ, ಹುಬ್ಬಿನ ಮೇಲಿನ ಹಳೆಯ ಗಾಯದ ಗುರುತು, ಗಲ್ಲದ ಕಪ್ಪು ಕೂದಲು. ಅವನೂ ಅಮ್ಮನ ಮುಖವನ್ನೇ ನೋಡುತ್ತಿದ್ದ, ಬಾಯಿ ಸ್ವಲ್ಪ ತೆರೆದಿತ್ತು.

ಡಾಕ್ಟರು ಮಾತಾಡತೊಡಗಿದರು. ಕಾಜಕ್ಕ ಇಸ್ತ್ರಿಯವಳ ಕೈಯತ್ತ ತಿರುಗಿದಳು. ಆ ಕೈ ಎಂದಿನಂತೆ ತಡವರಿಸುತ್ತಿತ್ತು, ಎರಡು ಸಲ ಡಾಕ್ಟರನ್ನು ತಡೆದು ಕೇಳಿತು, ಆದರೆ ಅದರ ಒಂದೊಂದು ಬೆರಳೂ ಬೇರೆ ಬೇರೆಯಾಗಿ, ಅಂಚು ಅಂಚಾಗಿ ಕಂಡಿತು. ಹೇಳಿದ್ದೆಲ್ಲವನ್ನೂ ಅವಳು ನೋಡಿ ಮುಗಿಸಿದಳು. ಎರಡು ಪ್ರಶ್ನೆ ಕೇಳಿದಳು. ಉತ್ತರ ಬಂತು. ಡಾಕ್ಟರು ಅವಳ ಭುಜ ತಟ್ಟಿ ಮುಂದಿನ ಹಾಸಿಗೆಗೆ ಹೋದರು.

ಆಗ ಮಗ ಅವಳ ಮೊಣಕೈ ಮುಟ್ಟಿದ. ಎರಡು ಕಿವಿಯೂ ಚೆನ್ನಾಗಿ ಕೇಳುವ ಮಗ. ಮೂರಡಿ ದೂರದಲ್ಲಿ ಡಾಕ್ಟರು ಅಷ್ಟು ಹೊತ್ತು ಮಾತಾಡಿದಾಗ ಅಲ್ಲೇ ನಿಂತಿದ್ದವನು.

"ಅಮ್ಮ, ಏನಂದ್ರು?" ಎಂದು ಕೈಯಲ್ಲಿ ಕೇಳಿದ. "ನಾನು ಕೇಳಿಸ್ಕೊಳ್ಳಲೇ ಇಲ್ಲ. ನಿನ್ನನ್ನೇ ನೋಡ್ತಿದ್ದೆ."

ಕಾಜಕ್ಕ ಹಾಸಿಗೆಯ ಮೇಲೆ ಸರಿದು ಅವನಿಗೆ ಜಾಗ ಮಾಡಿದಳು. ಅವನ ಮುಖಕ್ಕೆ ಬೆಳಕು ಬೀಳುವಂತೆ ಕೂರಿಸಿಕೊಂಡು ಮೊದಲಿನಿಂದ ಶುರುಮಾಡಿದಳು. ಎಡಗಣ್ಣು ಗೆದ್ದಿದೆ. ಆರು ವಾರ ಸೂಜಿ ಹಿಡಿಯುವಂತಿಲ್ಲ. ದಿನಕ್ಕೆ ನಾಲ್ಕು ಸಲ ಔಷಧದ ಹನಿ. ಬಲಗಣ್ಣಿಗೂ ಮಾಡಬಹುದು, ಅಂಚು ತಿಳಿಯಾದೀತು, ನಡುಮಧ್ಯ ಬಾರದು, ಮುಂದೆ ಇನ್ನಷ್ಟು ಮಸುಕಾಗುವುದೂ ಉಂಟು. ಅದಕ್ಕೆ ಔಷಧವಿಲ್ಲ. ಅವಳು ಒಂದನ್ನೂ ಬಿಡಲಿಲ್ಲ.